ಕೈಯಲ್ಲಿಲ್ಲ ಎಂಬ ಮಾತು

ಬೈಲಹೊಂಗಲ, ಕಿತ್ತೂರುಗಳಿಂದ ಪಶ್ಚಿಮಕ್ಕೆ ಹೋಗಿ ಘಟ್ಟ ಇಳಿದರೆ ಸಾವಂತವಾಡಿ. ಅಲ್ಲಿ ಇಂದಿಗೂ ದಶಾವತಾರದ ದುಂಡು ಗಂಜೀಫಾ ಎಲೆಗಳನ್ನು ಕೈಯಿಂದ ಚಿತ್ರಿಸುತ್ತಾರೆ. ಹತ್ತು ಅವತಾರಗಳಿಗೆ ಹತ್ತು ಜಾತಿ. ಜಾತಿಗೆ 12ರಂತೆ 120 ಎಲೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಈ ಆಟದ ಹೊಸ ಕಟ್ಟುಗಳನ್ನೇ ರೂಪಿಸಿದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಅವುಗಳ ವಿವರವಿದೆ.

ಇಸ್ಪೀಟು ಬಲ್ಲವರಿಗೆ ಗಂಜೀಫಾ ಅಚ್ಚರಿ ಹುಟ್ಟಿಸುತ್ತದೆ. ಅದರಲ್ಲಿ ತುರುಪು ಇಲ್ಲ. ಇಳಿದ ಜಾತಿಯನ್ನೇ ಹಾಕಬೇಕೆಂಬ ಕಟ್ಟಳೆಯೂ ಇಲ್ಲ. ಗೆಲ್ಲಲಾಗದವನು ಬೇಡದ ಎಲೆಯೊಂದನ್ನು ಎಸೆದರಾಯಿತು. ಆ ಎಲೆ ಅವನ ಕೈಯ ಗುಟ್ಟು ಹೇಳದು. ಯಾವ ದೊಡ್ಡ ಎಲೆಗಳು ಹೋದವು ಎಂಬ ನೆನಪೇ ಆಟಗಾರನ ಬಲ.

ಇಸ್ಪೀಟಿನ ಇಪ್ಪತ್ತೆಂಟರಲ್ಲಿ ಹಾಗಲ್ಲ. ಆಟೀನು ಇಳಿದರೆ, ಇರುವವರೆಗೆ ಆಟೀನನ್ನೇ ಹಾಕಬೇಕು. ಇಲ್ಲದಾಗಷ್ಟೇ ತುರುಪು ಕೇಳಬಹುದು. ಬೇರೆ ಜಾತಿ ಬಿದ್ದೊಡನೆ, ಅವನಲ್ಲಿ ಆಟೀನು ಮುಗಿಯಿತೆಂದು ಉಳಿದ ಮೂವರೂ ಲೆಕ್ಕ ಹಾಕುತ್ತಾರೆ. ನಿಜವಾಗಿ ಮುಗಿದಿದೆಯೇ? ಕೈ ಬಿಚ್ಚಿಸಿ ನೋಡುವಂತಿಲ್ಲ, ನಂಬಿಯೇ ಆಡಬೇಕು. ಬಚ್ಚಿಟ್ಟ ಎಲೆ ಕೊನೆಗೊಮ್ಮೆ ಇಳಿಯಲೇಬೇಕು, ಆಗ ಕಳ್ಳತನ ಬಯಲಾಗುತ್ತದೆ. ಆಮೇಲೆ ಅವನೊಡನೆ ಎಲೆ ಹಿಡಿದು ಕೂರುವವರು ಕಡಿಮೆ.