ಕಾರಾಪುರದ ಮಾವುತನ ಮಗ ಹಾಲಿವುಡ್‌ಗೆ ಹೋದ ಕತೆ

ದಸರಾ ಆನೆ ನೋಡಲು ಮೈಸೂರಿಗೆ ಹೋಗುವ ನಮ್ಮಲ್ಲಿ ಸಾಬು ಹೆಸರು ಕೇಳಿದವರು ಕಡಿಮೆ. ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಈ ಹುಡುಗ ಮಾವುತನ ಮಗ. ಚಿಕ್ಕಂದಿನಲ್ಲೇ ಅಪ್ಪ ತೀರಿಕೊಂಡರು. ಆಮೇಲೆ ಮಹಾರಾಜರ ಆನೆ ಲಾಯವೇ ಅವನಿಗೆ ಆಸರೆ.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕ ಮೈಸೂರಿಗೆ ಬಂದರು. ರಡ್ಯಾರ್ಡ್ ಕಿಪ್ಲಿಂಗ್ ಬರೆದ ಆನೆ ಮತ್ತು ಹುಡುಗನ ಕತೆಯನ್ನು ಸಿನಿಮಾ ಮಾಡಬೇಕಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಆನೆಗೇನೂ ಕೊರತೆಯಿರಲಿಲ್ಲ, ಹುಡುಗ ಬೇಕಿತ್ತು. ಲಾಯದಲ್ಲಿ ಸಾಬು ಸಿಕ್ಕಿದ. ಇಂಗ್ಲಿಷ್ ಬಾರದು, ಕ್ಯಾಮೆರಾ ಕಂಡವನಲ್ಲ. ಆದರೆ ಆನೆಯ ಮೇಲೆ ಕೂತರೆ ನಟನೆ ಕಲಿಸುವ ಅಗತ್ಯವೇ ಇರಲಿಲ್ಲ! ಉಳಿದ ಚಿತ್ರೀಕರಣಕ್ಕೆ ಅವನನ್ನು ಇಂಗ್ಲೆಂಡಿಗೆ ಕರೆದೊಯ್ದರು. ಅಣ್ಣನೂ ಜೊತೆಗೆ ಹೋದ. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆ ಕಂಡಿತು. ಹದಿಮೂರು ವರ್ಷದ ಹುಡುಗ ಊರೂರಲ್ಲಿ ಮನೆಮಾತಾದ.

1940ರ 'ದಿ ಥೀಫ್ ಆಫ್ ಬಾಗ್ದಾದ್' ಇಂಗ್ಲೆಂಡಿನಲ್ಲಿ ಶುರುವಾಗಿ, ಯುದ್ಧದ ದೆಸೆಯಿಂದ ಅಮೆರಿಕದಲ್ಲಿ ಮುಗಿಯಿತು. ಸಾಬು ಅಲ್ಲೇ ಉಳಿದ. 1942ರ 'ಜಂಗಲ್ ಬುಕ್'ನಲ್ಲಿ ಅವನೇ ಮೋಗ್ಲಿ. ನಮ್ಮ ಮಕ್ಕಳು ನೋಡುವ ಕಾರ್ಟೂನ್ ಮೋಗ್ಲಿ ಬಂದದ್ದು 25 ವರ್ಷ ಆದಮೇಲೆ.

ಹಾಲಿವುಡ್ ಕತೆಗಿಂತ ನನಗೆ ದೊಡ್ಡದೆನಿಸುವುದು ಪೌರತ್ವದ ವಿಷಯ. ಭಾರತೀಯರು ಅಮೆರಿಕದ ಪೌರರಾಗಲು ಅರ್ಹರಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲೇ ಹೇಳಿತ್ತು. ಕಾನೂನು ಬದಲಾದದ್ದು 1946ರಲ್ಲಿ. ಸಾಬು 1944ರಲ್ಲೇ ಪೌರರಾದರು, ಸೇನೆಗೂ ಸೇರಿದರು. ಪೆಸಿಫಿಕ್ ಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಗನ್ ಹಿಡಿದರು. ಶೌರ್ಯಕ್ಕೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕವೂ ಬಂತು.

ಯುದ್ಧದಿಂದ ಬಂದಾಗ ವಯಸ್ಸು ಇಪ್ಪತ್ತು ದಾಟಿತ್ತು. ಸ್ಟುಡಿಯೋಗಳಿಗೆ ಬೇಕಾಗಿದ್ದದ್ದು ಮಾತ್ರ ಅದೇ ಪಂಚೆ ಸುತ್ತಿದ ಕಾಡಿನ ಹುಡುಗ. 1947ರ 'ಬ್ಲ್ಯಾಕ್ ನಾರ್ಸಿಸಸ್'ನಲ್ಲಿ ರಾಜಕುಮಾರನಂತೆ ಸಿಂಗರಿಸಿಕೊಂಡ ಪಾತ್ರ ಸಿಕ್ಕಿತು, ನಿಜ. ಆಮೇಲೆ ಒಳ್ಳೆಯ ಪಾತ್ರಗಳು ಬರಲಿಲ್ಲ. 1952ರಲ್ಲಿ ಲಂಡನ್ನಿನ ಸರ್ಕಸ್ಸೊಂದರಲ್ಲಿ ಮತ್ತೆ ಆನೆಗಳ ಜೊತೆ ಪ್ರದರ್ಶನ ಕೊಟ್ಟರು.

ತಾಯ್ನಾಡಿನಲ್ಲಿ ನಟಿಸುವ ಅವಕಾಶವೂ ಒಮ್ಮೆ ಹತ್ತಿರ ಬಂದಿತ್ತು. ಮೆಹಬೂಬ್ ಖಾನ್ 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಸಾಬು ಅವರನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಅಮೆರಿಕದ ಪೌರನಿಗೆ ಇಲ್ಲಿ ಕೆಲಸ ಮಾಡಲು ಪರವಾನಗಿ ಸಿಗಲಿಲ್ಲ. ಪಾತ್ರ ಸುನೀಲ್ ದತ್ ಪಾಲಾಯಿತು. ಮೈಸೂರಿನ ಹುಡುಗ ಒಂದೇ ಒಂದು ಭಾರತೀಯ ಸಿನಿಮಾದಲ್ಲೂ ಕಾಣಿಸಲಿಲ್ಲ.

1963ರ ಡಿಸೆಂಬರ್ 2ರಂದು ಹೃದಯಾಘಾತವಾಯಿತು. ವಯಸ್ಸು ಬರೀ 39. ಹೆಂಡತಿ ಮರಿಲಿನ್, ಇಬ್ಬರು ಮಕ್ಕಳು. ಕೊನೆಯ ಸಿನಿಮಾ 'ಎ ಟೈಗರ್ ವಾಕ್ಸ್' ಬಿಡುಗಡೆಯಾದಾಗ ಅವರಿರಲಿಲ್ಲ. ಅದೂ ಸರ್ಕಸ್ಸಿನಿಂದ ತಪ್ಪಿಸಿಕೊಂಡ ಹುಲಿಯೊಂದರ ಕತೆ.