ಹದಿಮೂರನೆಯ ಬ್ರೆಡ್ ಯಾರ ಪಾಲು?

ಡಜನ್ ಎಂದರೆ 12. ಇಂಗ್ಲೆಂಡಿನ ಬೇಕರಿಯವರ ಡಜನ್ ಮಾತ್ರ 13. ಈ ಕೊಸರು ಶಿಕ್ಷೆಯ ಭಯದಿಂದ ಹುಟ್ಟಿತು ಎನ್ನುವುದು ವಾಡಿಕೆಯ ವಿವರಣೆ. ಭಯಕ್ಕೆ ಕಾರಣವೂ ಇತ್ತು. ದೊರೆ ಮೂರನೇ ಹೆನ್ರಿಯ ಕಾಲದ ಬ್ರೆಡ್ ಕಾಯ್ದೆಯಲ್ಲಿ ಬೆಲೆ ಸ್ಥಿರ, ತೂಕ ಅಸ್ಥಿರ: ಗೋಧಿ ತುಟ್ಟಿಯಾದಷ್ಟೂ ಅದೇ ಕಾಸಿನ ಬ್ರೆಡ್ ಚಿಕ್ಕದಾಗುತ್ತಿತ್ತು. ಗೊತ್ತುಮಾಡಿದ ತೂಕಕ್ಕಿಂತ ಕಡಿಮೆಯಾದರೆ ದಂಡ. ತಪ್ಪು ದೊಡ್ಡದಾದರೆ ಕೊರಳು, ಕೈಗಳನ್ನು ಹಲಗೆಗೆ ಸಿಕ್ಕಿಸಿ ಜನರೆದುರು ನಿಲ್ಲಿಸುತ್ತಿದ್ದರು. ಒಲೆಯಲ್ಲಿ ನೀರಿನಂಶ ಆರಿ ತೂಕ ಇಳಿಯುವುದರಿಂದ ಪ್ರಾಮಾಣಿಕನಿಗೂ ಅಳುಕು ತಪ್ಪುತ್ತಿರಲಿಲ್ಲ.

ಆದರೆ ಕಾಯ್ದೆ ಗೊತ್ತುಮಾಡಿದ್ದು ಒಂದೊಂದು ಬ್ರೆಡ್ಡಿನ ತೂಕವನ್ನು. 13ನೆಯದನ್ನು ಸೇರಿಸಿದರೆ ಉಳಿದ 12ರ ಕೊರತೆ ತುಂಬುವುದಿಲ್ಲ. 1419ರ ಲಂಡನ್ ಕಟ್ಟಳೆಗಳ ಸಂಗ್ರಹ ‘ಲೀಬರ್ ಆಲ್ಬಸ್’ ಬೇರೆ ದಾರಿ ತೋರಿಸುತ್ತದೆ. ಮನೆಮನೆಗೆ ಬ್ರೆಡ್ ಹೊತ್ತು ಮಾರುವ ಹೆಂಗಸರು 12ರ ಹಣಕ್ಕೆ 13 ಪಡೆಯುತ್ತಿದ್ದರು. ಬೆಲೆ ಏರಿಸಲು ಕಾನೂನು ಬಿಡದಿದ್ದಾಗ ಆ 13ನೆಯದೇ ಅವರ ಸಂಪಾದನೆ. ಭಯವೂ ಜೊತೆಗಿದ್ದಿರಬಹುದಲ್ಲ ಎಂದರೆ, ಇದ್ದಿರಬಹುದು. ಆದರೆ ಅದೊಂದನ್ನೇ ಹೇಳಿದರೆ ಈ ಹೆಂಗಸರ ದುಡಿಮೆ ಇತಿಹಾಸದಿಂದ ಅಳಿಸಿಹೋಗುತ್ತದೆ. ಆ ಬಗೆಯ ಕಾಯ್ದೆ 19ನೆಯ ಶತಮಾನದಲ್ಲಿ ಕೊನೆಗೊಂಡಿತು. ‘ಬೇಕರಿಯವರ ಡಜನ್’ ಎಂಬ ನುಡಿಗಟ್ಟು ಉಳಿಯಿತು. ಇಂದು ಅದು ಉದಾರತೆಯ ಮಾತಿನಂತೆ ಕೇಳಿಸುತ್ತದೆ; ಮೂಲದಲ್ಲಿ ಅದು ಕೂಲಿಯ ಲೆಕ್ಕ.