ಮನೆಯ ಜಾಲ: ತಂತಿ ಮತ್ತು ನಿಸ್ತಂತು ರೂಟರ್‌ಗಳ ಜೋಡಣೆ

ಒಂದೇ ಇಂಟರ್‌ನೆಟ್ ಸಂಪರ್ಕವನ್ನು ಎರಡು ಅಥವಾ ಹೆಚ್ಚು ರೂಟರ್‌ಗಳ ಮೂಲಕ ಮನೆಯ ಎಲ್ಲ ಮೂಲೆಗೂ ಹಂಚಿ, ಕಂಪ್ಯೂಟರ್, ಫೋನ್, ಟಿವಿ, ಪ್ರಿಂಟರ್, ಕ್ಯಾಮೆರಾಗಳು ಒಂದೇ ಜಾಲದಲ್ಲಿ ಒಂದನ್ನೊಂದು ಕಾಣುವಂತೆ ಮಾಡುವ ವ್ಯವಸ್ಥೆ. ಹಳೆಯ ರೂಟರ್‌ನಲ್ಲಿ ತಂತಿ ಸಿಕ್ಕಿಸುವ ಕಿಂಡಿಗಳಷ್ಟೇ ಇದ್ದು ಹೊಸದರಲ್ಲಿ ವೈಫೈ ಇದ್ದಾಗ, ಅಥವಾ ಒಂದು ವೈಫೈ ಇಡೀ ಮನೆಗೆ ಸಾಲದಾದಾಗ ಈ ಜೋಡಣೆ ಬೇಕಾಗುತ್ತದೆ.

ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಸಾಹಿತಿ ಗೆಳೆಯರ ಬಳಗದಿಂದ ನಾಡಿಗೆ ಪರಿಚಿತವಾದ ಹಲಸಂಗಿ, ಅದರ ಸುತ್ತಲಿನ ಇಂಡಿ, ಸಿಂದಗಿ ಸೀಮೆಗಳಲ್ಲಿ ಈ ಅಗತ್ಯಕ್ಕೆ ಮನೆಯ ಗೋಡೆಯೇ ಮೊದಲ ಕಾರಣ. ವಿಜಯಪುರ ಜಿಲ್ಲೆಯ ಹಳೆಯ ಮನೆಗಳು ಕಲ್ಲು ಮಣ್ಣಿನ ದಪ್ಪ ಗೋಡೆಯವು, ಮೇಲ್ಮುದ್ದೆಯ ಮಾಳಿಗೆಯವು. ಬೇಸಿಗೆಯ ಬಿಸಿಲನ್ನು ತಡೆಯುವ ಆ ಗೋಡೆ ರೇಡಿಯೊ ಅಲೆಯನ್ನೂ ತಡೆಯುತ್ತದೆ. ಪಡಸಾಲೆಯಲ್ಲಿಟ್ಟ ವೈಫೈ ಎರಡು ಗೋಡೆ ದಾಟಿ ಅಡುಗೆಮನೆಗೆ ಬರುವಷ್ಟರಲ್ಲಿ ಸೊರಗಿರುತ್ತದೆ. ಆಧುನಿಕ ವೈಫೈ ಬಳಸುವ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ತರಂಗಗಳಲ್ಲಿ ಮೊದಲನೆಯದು ಗೋಡೆಯನ್ನು ಒಂದಿಷ್ಟು ಹಾಯುತ್ತದೆ. ಎರಡನೆಯದು ವೇಗದ್ದು, ಆದರೆ ಗೋಡೆಗೆ ಬೇಗ ಸೋಲುತ್ತದೆ. ತಗಡಿನ ಚಾವಣಿ ಎರಡನ್ನೂ ತಿರುಗಿಸಿ ಕಳಿಸುತ್ತದೆ. ಊರೊಳಗಿನ ಮನೆ ಒಂದು ಕಡೆ, ಲಿಂಬೆ ಅಥವಾ ದ್ರಾಕ್ಷಿ ತೋಟದ ವಸ್ತಿ ಇನ್ನೊಂದು ಕಡೆ ಇರುವ ಕುಟುಂಬಗಳಿಗೆ ದೂರದ ತೊಡಕೂ ಸೇರಿಕೊಳ್ಳುತ್ತದೆ.

ಭಾರತದಲ್ಲಿ ಮನೆಯ ಜಾಲದ ಕಥೆ 2005ರ ಜನವರಿಯಲ್ಲಿ ತಿರುವು ಪಡೆಯಿತು. ಬಿಎಸ್‌ಎನ್‌ಎಲ್ ಡೇಟಾವನ್ ಎಂಬ ಬ್ರಾಡ್‌ಬ್ಯಾಂಡ್ ಸೇವೆ ತೆರೆದದ್ದೂ, ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ತರಂಗಪಟ್ಟಿಯ ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿ ಬೇಡವೆಂದದ್ದೂ ಅದೇ ತಿಂಗಳು. ಫೋನಿನ ತಾಮ್ರದ ತಂತಿಯ ಮೇಲೆ ಬರುತ್ತಿದ್ದ ಆ ಸಂಪರ್ಕದ ಜಾಗಕ್ಕೆ ಈಗ ಗಾಜಿನ ಎಳೆ ಬಂದಿದೆ. ಗ್ರಾಮ ಪಂಚಾಯಿತಿಗಳಿಗೆ ಎಳೆ ಮುಟ್ಟಿಸಲು 2011ರಲ್ಲಿ ಒಪ್ಪಿಗೆ ಪಡೆದ ಯೋಜನೆಯೇ ಮುಂದೆ ಭಾರತ್‌ನೆಟ್ ಎನಿಸಿತು. ಎಳೆಯ ಕೊನೆಗೆ ಕಂಪನಿಯವರು ಕೂಡಿಸುವ ಓಎನ್‌ಟಿ ಎಂಬ ಡಬ್ಬಿ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವುದಲ್ಲದೆ ಸಾಮಾನ್ಯವಾಗಿ ತಾನೇ ರೂಟರ್, ತಾನೇ ವೈಫೈ ಆಗಿರುತ್ತದೆ. ಆದ್ದರಿಂದ ಅಂಗಡಿಯಿಂದ ಒಂದೇ ರೂಟರ್ ಕೊಂಡು ತಂದವರ ಮನೆಯಲ್ಲೂ ವಾಸ್ತವದಲ್ಲಿ ಎರಡಿರುತ್ತವೆ. ಗೊಂದಲ ಬಹುಪಾಲು ಶುರುವಾಗುವುದು ಇಲ್ಲಿಂದ.

ರೂಟರ್ ಎಂದು ಮಾರುವ ಡಬ್ಬಿಯೊಳಗೆ ಹಲವು ಕೆಲಸಗಾರರಿದ್ದಾರೆ. ತಂತಿಗಳನ್ನು ಕೂಡಿಸುವ ಸ್ವಿಚ್ ಒಂದು; ಇದ್ದರೆ ವೈಫೈ ರೇಡಿಯೊ ಒಂದು; ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಒಂದು; ಮನೆಯ ಖಾಸಗಿ ವಿಳಾಸಗಳನ್ನು ಹೊರಗಿನ ಒಂದೇ ವಿಳಾಸಕ್ಕೆ ಬದಲಿಸುವ ನ್ಯಾಟ್ ಇನ್ನೊಂದು. 192.168 ಎಂದು ಆರಂಭವಾಗುವ ವಿಳಾಸಗಳು ಎಲ್ಲರ ಮನೆಯಲ್ಲೂ ಇರಲು ಕಾರಣ, 1996ರ ಆರ್‌ಎಫ್‌ಸಿ 1918 ಎಂಬ ದಾಖಲೆ ಅವನ್ನು ಖಾಸಗಿ ಬಳಕೆಗೆ ಮೀಸಲಿಟ್ಟದ್ದು. ಜೋಡಣೆಯ ಗುಟ್ಟೆಲ್ಲ ಇಷ್ಟೇ: ಸ್ವಿಚ್ಚುಗಳೂ ರೇಡಿಯೊಗಳೂ ಎಷ್ಟಾದರೂ ಇರಲಿ, ವಿಳಾಸ ಹಂಚುವವ ಮತ್ತು ವಿಳಾಸ ಬದಲಿಸುವವ ಮನೆಗೆ ಒಬ್ಬನೇ ಇರಬೇಕು. ಒಂದೇ ಜಾಲದಲ್ಲಿ ಇಬ್ಬರು ವಿಳಾಸ ಹಂಚತೊಡಗಿದರೆ, ಇಬ್ಬರು ತಲಾಠಿಗಳು ಒಂದೇ ಸರ್ವೆ ನಂಬರನ್ನು ಬೇರೆ ಬೇರೆಯವರ ಹೆಸರಿಗೆ ಬರೆದಂತಾಗುತ್ತದೆ. ಇವತ್ತು ನಡೆದ ಪ್ರಿಂಟರ್ ನಾಳೆ ನಡೆಯುವುದಿಲ್ಲ, ಏಕೆಂದು ತಿಳಿಯುವುದೂ ಇಲ್ಲ.

ಜೋಡಿಸುವ ದಾರಿ ಎರಡು. ಮೊದಲ ರೂಟರ್‌ನ ಲ್ಯಾನ್ (ಮನೆಯ ಸಾಧನಗಳ ಕಡೆಯ) ಕಿಂಡಿಯಿಂದ ಬಂದ ತಂತಿಯನ್ನು ಎರಡನೆಯದರ ವ್ಯಾನ್ (ಇಂಟರ್‌ನೆಟ್ ಕಡೆಯ) ಕಿಂಡಿಗೆ ಸಿಕ್ಕಿಸುವುದು ಸುಲಭವಾದದ್ದು. ಏನನ್ನೂ ಬದಲಿಸದೆಯೇ ಇಂಟರ್‌ನೆಟ್ ಬಂದುಬಿಡಬಹುದು. ಆದರೆ ಮನೆ ಎರಡು ಜಾಲಗಳಾಗಿ ಒಡೆಯುತ್ತದೆ: ಮೊದಲ ರೂಟರಿನದು ಹೊರಗಿನದು, ಎರಡನೆಯದರದು ಒಳಗಿನದು. ಒಳಗಿನ ರೂಟರ್‌ನ ಸಾಧನ ಹೊರಗಿನದನ್ನು ತಲುಪಬಲ್ಲದು, ಹೊರಗಿನದು ಒಳಗಿನದನ್ನು ಕಾಣಲಾರದು. ಎರಡೂ 192.168.1 ಸರಣಿಯನ್ನೇ ಬಳಸುತ್ತಿದ್ದರೆ ಅದೂ ಕೆಡುತ್ತದೆ. ಹಲವು ಕಂಪನಿಗಳು ತಮ್ಮ ಮಟ್ಟದಲ್ಲೂ ನ್ಯಾಟ್ ಮಾಡುವುದರಿಂದ ವಿಳಾಸ ಮೂರು ಸಲ ಬದಲಾಗಿ, ತೋಟದ ಕ್ಯಾಮೆರಾವನ್ನು ದೂರದಿಂದ ನೇರವಾಗಿ ನೋಡುವುದು ಆಗದ ಮಾತಾಗುತ್ತದೆ. ಬಾಡಿಗೆಯವರ ಜಾಲವನ್ನು ಮನೆಯವರದರಿಂದ ಬೇರ್ಪಡಿಸಬೇಕಿದ್ದಲ್ಲಿ ಮಾತ್ರ ಈ ದಾರಿಗೆ ಅರ್ಥವಿದೆ. ಆಗಲೂ ಬಾಡಿಗೆಯವರು ಹೊರಗಿನ ರೂಟರ್‌ನಲ್ಲಿ, ಮನೆಯವರು ಒಳಗಿನದರಲ್ಲಿ ಇರಬೇಕು.

ಎರಡನೆಯ ದಾರಿ ಲ್ಯಾನ್‌ನಿಂದ ಲ್ಯಾನ್‌ಗೆ. ಮುಖ್ಯ ರೂಟರ್ 192.168.1.1 ಎಂದಿಟ್ಟುಕೊಂಡರೆ, ಎರಡನೆಯದಕ್ಕೆ ಕಂಪ್ಯೂಟರ್ ಒಂದನ್ನೇ ಸಿಕ್ಕಿಸಿ, ಅದರ ವಿಳಾಸವನ್ನು 192.168.1.2 ಮಾಡಿ, ಡಿಎಚ್‌ಸಿಪಿ ಆರಿಸಬೇಕು. ಮುಖ್ಯ ರೂಟರ್ ಹಂಚುವ ವಿಳಾಸಗಳ ಕೊನೆಯ ಸಂಖ್ಯೆ 100ರಿಂದ ಮೇಲಿದ್ದರೆ ಈ 2 ಯಾರಿಗೂ ಹೋಗುವುದಿಲ್ಲ. ವಿಳಾಸ ಬದಲಾದ ಕ್ಷಣ ಸೆಟ್ಟಿಂಗ್ ಪುಟ ಮಾಯವಾಗುತ್ತದೆ. ಹೊಸ ವಿಳಾಸದಲ್ಲಿ ತೆರೆದರೆ ಮತ್ತೆ ಸಿಗುತ್ತದೆ. ಆಮೇಲೆ ಎರಡರ ಲ್ಯಾನ್ ಕಿಂಡಿಗಳ ನಡುವೆ ಒಂದೇ ಒಂದು ತಂತಿ. ಭದ್ರತೆಗಿರಲಿ ಎಂದು ಎರಡನೆಯ ತಂತಿ ಹಾಕಿದರೆ ಸಂದೇಶಗಳು ಸುತ್ತುತ್ತಲೇ ಇದ್ದು ಇಡೀ ಜಾಲ ಉಸಿರುಗಟ್ಟುತ್ತದೆ. ಎರಡನೆಯದರ ವ್ಯಾನ್ ಕಿಂಡಿ ಖಾಲಿ ಇರುತ್ತದೆ. ಹೊಸ ರೂಟರ್‌ಗಳಲ್ಲಿ ‘ಆಕ್ಸೆಸ್ ಪಾಯಿಂಟ್’ ಎಂಬ ಆಯ್ಕೆಯೇ ಇದ್ದು ಈ ಕೆಲಸವನ್ನು ತಾನೇ ಮಾಡುತ್ತದೆ. ಎರಡೂ ವೈಫೈಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟರೆ ಫೋನು ಪಡಸಾಲೆಯಿಂದ ಮಾಳಿಗೆಗೆ ಹೋದಾಗ ಸನಿಹದ್ದನ್ನು ಹಿಡಿಯುತ್ತದೆ. ಬೇಗನೆ ಹಿಡಿಯುತ್ತದೆಂಬ ಭರವಸೆಯಿಲ್ಲ, ಅದು ಫೋನಿನ ಮರ್ಜಿ. ಚಾನೆಲ್ ಮಾತ್ರ ಬೇರೆ ಇರಬೇಕು: 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದವು 1, 6, 11.

ತಂತಿ ಎಳೆಯುವ ಗೋಜು ಬೇಡವೆಂದು ರಿಪೀಟರ್ ಹಚ್ಚುವವರೇ ಹೆಚ್ಚು. ಒಂದೇ ರೇಡಿಯೊದ ರಿಪೀಟರ್ ಕೇಳಿದ್ದನ್ನೇ ಮತ್ತೆ ಹೇಳಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ದಪ್ಪ ಗೋಡೆಯ ಆಚೆ ಇಟ್ಟರೆ ಅದಕ್ಕೂ ಸಂಕೇತ ಸಿಗದು. ಮೇಲ್ಮುದ್ದೆಯ ಮನೆಯಲ್ಲಿ ಗೋಡೆ ಕೊರೆಯುವುದು ಕಷ್ಟವಾದರೂ ತಂತಿಗೆ ಬೆಳಕಿಂಡಿಯ ದಾರಿ ಇದ್ದೇ ಇದೆ. ತಾಮ್ರದ ಈಥರ್‌ನೆಟ್ ತಂತಿಯ ಮಿತಿ 100 ಮೀಟರ್. ಎಂಟೂ ಎಳೆ ಸರಿಯಾಗಿ ಕೂಡಿದ ಕ್ಯಾಟ್ 5ಇ ತಂತಿ ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುತ್ತದೆ, ನಾಲ್ಕೇ ಎಳೆ ಕೂಡಿದರೆ 100 ಮೆಗಾಬಿಟ್. ಹಳೆಯ ತಂತಿ ರೂಟರ್‌ಗಳ ಕಿಂಡಿ ಹೆಚ್ಚಾಗಿ 100 ಮೆಗಾಬಿಟ್‌ನವು. ಅಂಥದ್ದನ್ನು ಮುಖ್ಯ ಸ್ಥಾನದಲ್ಲಿಟ್ಟರೆ ಮುಂದಿನದಕ್ಕೆಲ್ಲ ಅದೇ ಮಿತಿ. ಅದನ್ನು ಕೊನೆಯಲ್ಲಿ ಟಿವಿ, ಪ್ರಿಂಟರ್‌ಗಳಿಗೆ ಬರಿಯ ಸ್ವಿಚ್ ಆಗಿ ಇಡುವುದು ಲೇಸು.

ಊರ ಮನೆಯಿಂದ ವಸ್ತಿಗೆ ಸಂಪರ್ಕ ಒಯ್ಯುವಾಗ ಲೆಕ್ಕ ಬದಲಾಗುತ್ತದೆ. ಎರಡು ಕಟ್ಟಡಗಳ ನಡುವೆ ತಾಮ್ರದ ತಂತಿ ಎಳೆದರೆ, ಮುಂಗಾರು ಪೂರ್ವದ ಗುಡುಗು ಮಳೆಯಲ್ಲಿ ಹತ್ತಿರ ಸಿಡಿಲು ಬಡಿದಾಗ ಹುಟ್ಟುವ ವಿದ್ಯುತ್ ಅಲೆ ಅದರಲ್ಲೇ ಹರಿದು ಎರಡೂ ತುದಿಯ ಡಬ್ಬಿಗಳನ್ನು ಸುಡಬಹುದು. ಗಾಜಿನ ಎಳೆ ವಿದ್ಯುತ್ ಒಯ್ಯುವುದಿಲ್ಲ. ಎರಡೂ ತುದಿಗೆ ಬೆಳಕು ಮತ್ತು ವಿದ್ಯುತ್ ಸಂಕೇತಗಳನ್ನು ಪರಸ್ಪರ ಬದಲಿಸುವ ಮೀಡಿಯಾ ಕನ್ವರ್ಟರ್ ಹಚ್ಚಿದರೆ 100 ಮೀಟರಿನ ಮಿತಿಯೂ ಇಲ್ಲ. ನಡುವೆ ಮರ, ಮನೆ ಅಡ್ಡವಿಲ್ಲದಿದ್ದರೆ ಎದುರುಬದುರು ನೆಟ್ಟ 5 ಗಿಗಾಹರ್ಟ್ಸ್ ಆಂಟೆನಾ ಜೋಡಿಯೂ ಆಗುತ್ತದೆ. ಭಾರತ ಈ ತರಂಗಪಟ್ಟಿಯ ದೊಡ್ಡ ಭಾಗವನ್ನು 2018ರಲ್ಲಿ ಹೊರಾಂಗಣ ಬಳಕೆಗೂ ಪರವಾನಗಿಯಿಂದ ಬಿಡಿಸಿತು.

ವಿದ್ಯುತ್ ಹೋದಾಗ ಓಎನ್‌ಟಿಯೊಂದಕ್ಕೇ ಬ್ಯಾಟರಿ ಇದ್ದರೆ ಎರಡನೆಯ ರೂಟರ್‌ಗೆ ಅಂಟಿದವರೆಲ್ಲ ಕಡಿದುಹೋಗುತ್ತಾರೆ. ಇವುಗಳಲ್ಲಿ ಬಹಳಷ್ಟು 12 ವೋಲ್ಟಿನ ಡಬ್ಬಿಗಳಾದ್ದರಿಂದ ಪ್ರತಿಯೊಂದಕ್ಕೂ ಸಣ್ಣ ಯುಪಿಎಸ್ ಸಾಕು. ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿ ಕೊಳ್ಳಬೇಕು.